ಈ ಗುಂಡಿಗೆ ಎಷ್ಟು ನೀರು ಹಿಡಿಯುತ್ತದೆ?

ಬೆಟ್ಟ ಒಡೆದು ಕಲ್ಲು ತೆಗೆದದ್ದಾಯಿತು. ಜಲ್ಲಿ, ಚಪ್ಪಡಿ, ಸೈಜುಗಲ್ಲು ಹೊತ್ತ ಲಾರಿಗಳು ಹೊರಟುಹೋದವು. ಕ್ರಷರಿನ ಸದ್ದು ನಿಂತಿತು. ಊರಾಚೆ ಉಳಿದದ್ದು ಒಂದು ದೊಡ್ಡ ಗುಂಡಿ. ಇನ್ನು ಇದನ್ನು ಏನು ಮಾಡುವುದು?

ಮಕ್ಕಳೇ, ಈ ಪ್ರಶ್ನೆಗೆ ಒಂದೊಂದು ಊರಿನವರು ಒಂದೊಂದು ಉತ್ತರ ಕೊಟ್ಟಿದ್ದಾರೆ. ಬೆಂಗಳೂರಿನ ಸುತ್ತಲಿನ ಕೆಲವು ಹಳೆ ಕಲ್ಲುಕ್ವಾರಿಗಳಿಗೆ ನಗರದ ಕಸ ಹೋಗಿ ಬಿತ್ತು. ಕೆನಡಾದ ಬುಚಾರ್ಟ್ ಕುಟುಂಬ ಸುಣ್ಣಕಲ್ಲು ತೆಗೆದ ತಮ್ಮ ಗುಂಡಿಯಲ್ಲಿ ಹೂದೋಟ ಬೆಳೆಸಿತು. ಸ್ವೀಡನ್ನಿನ ಡಾಲ್‌ಹಾಲಾ ಎಂಬ ಕ್ವಾರಿಯ ತಳದಲ್ಲಿ ಈಗ ಸಂಗೀತ ಕಛೇರಿ ನಡೆಯುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಪಿಂಗಾಣಿ ಮಣ್ಣು ಬಗೆದು ಬರಿದಾದ ಗುಂಡಿಯೊಳಗೆ ದೊಡ್ಡ ದೊಡ್ಡ ಗುಮ್ಮಟಗಳನ್ನು ಕಟ್ಟಿ, ಅವುಗಳೊಳಗೆ ಮಳೆಕಾಡಿನ ಗಿಡಮರ ನೆಟ್ಟಿದ್ದಾರೆ. ಈಡನ್ ಪ್ರಾಜೆಕ್ಟ್ ಎಂದು ಅದರ ಹೆಸರು. ಜನರಿಗೆ ಅದು ತೆರೆದದ್ದು 2001ರಲ್ಲಿ.

ಹಾಗಾದರೆ ಯಾವ ಗುಂಡಿಗೆ ಯಾವ ಕೆಲಸ ಒಗ್ಗುತ್ತದೆ? ಅದನ್ನು ಗುಂಡಿಯನ್ನೇ ಕೇಳಬೇಕು. ನೀನು ಎಷ್ಟು ಅಗಲ, ಎಷ್ಟು ಆಳ? ನಿನ್ನ ಗೋಡೆ ಎಷ್ಟು ಕಡಿದಾಗಿದೆ? ಮಳೆ ಬಂದರೆ ನೀರು ಯಾವ ಕಡೆಯಿಂದ ನುಗ್ಗುತ್ತದೆ, ಯಾವ ಕಡೆಗೆ ಹೊರಬೀಳುತ್ತದೆ? ಇದಕ್ಕೆಲ್ಲ ಅಳತೆ ಬೇಕು. ಟೇಪು ಹಿಡಿದು ಇಳಿಯೋಣವೆಂದರೆ ಮೇಲಿಂದ ಸಡಿಲ ಕಲ್ಲು ಉರುಳೀತು, ಕಾಲ ಕೆಳಗಿನ ಅಂಚು ಕುಸಿದೀತು. ಅದಕ್ಕೇ ಈಗ ಅಳೆಯುವವರು ಗುಂಡಿಗೆ ಬೆಳಕನ್ನು ಇಳಿಸುತ್ತಾರೆ. ಲೇಸರ್ ಬೆಳಕನ್ನು.

ಸ್ಲೇಟಿನ ಕಣಿವೆ

ಲೆಕ್ಕ ಮಾಡಲು ನಮಗೊಂದು ನಿಜವಾದ ಗುಂಡಿ ಬೇಕಲ್ಲ? ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿರುವ ವೇಲ್ಸ್ ಎಂಬ ನಾಡಿಗೆ ಹೋಗೋಣ. ಅಲ್ಲಿನ ಲ್ಯಾನ್‌ಬೆರಿಸ್ ಎಂಬ ಊರಿನ ಸುತ್ತಲಿನ ಬೆಟ್ಟಗಳಲ್ಲಿ ಇರುವುದು ಸ್ಲೇಟುಕಲ್ಲು. ನಿಮ್ಮ ಅಜ್ಜ ಅಜ್ಜಿ ಬಳಪ ಹಿಡಿದು ಅಕ್ಷರ ತಿದ್ದಿದ ಸ್ಲೇಟು ಇದೇ ಜಾತಿಯ ಕಲ್ಲು. ನಮ್ಮಲ್ಲಿ ಅದಕ್ಕೆ ಆಂಧ್ರದ ಮಾರ್ಕಾಪುರ ಹೆಸರುವಾಸಿ. ಸ್ಲೇಟುಕಲ್ಲನ್ನು ಉಳಿಯಿಂದ ಸರಿಯಾಗಿ ಹೊಡೆದರೆ ಪದರ ಪದರವಾಗಿ ಸೀಳುತ್ತದೆ. ವೇಲ್ಸಿನವರು ಆ ಪದರಗಳನ್ನು ಹೆಂಚಿನ ಬದಲು ಮನೆಯ ಮಾಡಿಗೆ ಹೊದಿಸಲು ಕಡಿದು ದೇಶದೇಶಕ್ಕೆ ಕಳಿಸಿದರು.

ಅಲ್ಲಿನ ಡಿನೋರ್ವಿಗ್ ಕ್ವಾರಿ ಒಂದು ಕಾಲಕ್ಕೆ ಜಗತ್ತಿನ ಎರಡನೆಯ ಅತಿ ದೊಡ್ಡ ಸ್ಲೇಟು ಕ್ವಾರಿ. ಮೂರು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. 1969ರಲ್ಲಿ ಅದು ಮುಚ್ಚಿತು. ಆದರೆ ಬೆಟ್ಟಕ್ಕೆ ಬೇರೊಂದು ಕೆಲಸ ಸಿಕ್ಕಿತು. ಅದರ ಒಳಗನ್ನೇ ಕೊರೆದು 16 ಕಿಲೋಮೀಟರ್ ಸುರಂಗ ಮಾಡಿ, 1984ರಲ್ಲಿ ಒಂದು ವಿದ್ಯುತ್ ಕೇಂದ್ರ ಶುರುಮಾಡಿದರು. ಬೆಟ್ಟದ ಮೇಲೊಂದು ಕೆರೆ, ಬುಡದಲ್ಲೊಂದು ಕೆರೆ. ರಾತ್ರಿ ಜನರೆಲ್ಲ ಮಲಗಿ ಕರೆಂಟು ಮಿಕ್ಕಾಗ ಪಂಪಿನಿಂದ ನೀರನ್ನು ಮೇಲಿನ ಕೆರೆಗೆ ಏರಿಸುತ್ತಾರೆ. ಕರೆಂಟು ಸಾಲದ ಹೊತ್ತಿನಲ್ಲಿ ಅದೇ ನೀರನ್ನು ಕೆಳಕ್ಕೆ ಬಿಟ್ಟು ಟರ್ಬೈನು ತಿರುಗಿಸುತ್ತಾರೆ.

ಅಂಥ ತುರ್ತು ಯಾವಾಗ ಬರುತ್ತದೆ ಗೊತ್ತೆ? ಟೀವಿಯಲ್ಲಿ ಫುಟ್‌ಬಾಲ್ ಪಂದ್ಯ ಮುಗಿಯುತ್ತಿದ್ದಂತೆ ಬ್ರಿಟನ್ನಿನ ಲಕ್ಷಾಂತರ ಮನೆಗಳಲ್ಲಿ ಒಟ್ಟಿಗೇ ಚಹಾಕ್ಕೆ ನೀರು ಕಾಯಿಸಲು ಕರೆಂಟಿನ ಕೆಟಲಿನ ಸ್ವಿಚ್ಚು ಒತ್ತುತ್ತಾರೆ! ಡಿನೋರ್ವಿಗ್‌ನ ಯಂತ್ರಗಳನ್ನು ಸಿದ್ಧವಾಗಿ ಇಟ್ಟುಕೊಂಡಿದ್ದರೆ ಅವು ಪೂರ್ತಿ ಕರೆಂಟು ಕೊಡಲು ಅರ್ಧ ನಿಮಿಷವೂ ಬೇಡ.

ಅದೇ ಕಣಿವೆಯ ಇನ್ನೊಂದು ಮಗ್ಗುಲಲ್ಲಿ ಗ್ಲಿನ್ ರೊನ್ವಿ ಎಂಬ ಹಳೆ ಸ್ಲೇಟು ಗುಂಡಿಗಳಿವೆ. ಒಂದು ಎತ್ತರದಲ್ಲಿದೆ, ಇನ್ನೊಂದು ಸುಮಾರು 250 ಮೀಟರ್ ತಗ್ಗಿನಲ್ಲಿದೆ. ಈ ಎರಡು ಗುಂಡಿಗಳನ್ನೇ ಮೇಲಿನ ಕೆರೆ, ಕೆಳಗಿನ ಕೆರೆ ಮಾಡಿದರೆ? ಈ ಯೋಚನೆಗೆ 2017ರಲ್ಲಿ ಬ್ರಿಟನ್ ಸರ್ಕಾರದ ಅನುಮತಿಯೂ ಸಿಕ್ಕಿತು. ನಾವು ಈಗ ಕಲಿಯಬೇಕಾದದ್ದು ಇಂಥ ಜಾಗವನ್ನು ಅಳೆಯುವುದು ಹೇಗೆ ಎಂಬುದನ್ನು.

ಬೆಳಕಿನಿಂದ ಅಳೆಯುವುದು

ಬೆಟ್ಟದ ಎದುರು ನಿಂತು "ಕೂ" ಎಂದರೆ ತುಸು ಹೊತ್ತಿಗೆ "ಕೂ" ಎಂದು ಮರಳಿ ಕೇಳುತ್ತದೆ. ಬೆಟ್ಟ ದೂರವಿದ್ದಷ್ಟೂ ಉತ್ತರ ತಡ. ಲೇಸರ್ ಅಳತೆಯ ಗುಟ್ಟೂ ಇದೇ. ಕೂಗಿನ ಜಾಗದಲ್ಲಿ ಬೆಳಕಿನ ಒಂದು ಪುಟ್ಟ ಮಿಣುಕು ಹೊರಡುತ್ತದೆ, ನೆಲಕ್ಕೆ ಬಡಿದು ಮರಳುತ್ತದೆ. ಹೋಗಿ ಬರಲು ಎಷ್ಟು ಹೊತ್ತಾಯಿತು ಎಂದು ಒಂದು ಗಡಿಯಾರ ನೋಡುತ್ತದೆ. ಈ ವಿಧಾನಕ್ಕೆ ಲೈಡಾರ್ ಎನ್ನುತ್ತಾರೆ.

ಬೆಳಕು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. 900 ಮೀಟರ್ ಎತ್ತರದಲ್ಲಿ ಹಾರುವ ವಿಮಾನದಿಂದ ಮಿಣುಕು ಹೊರಟರೆ ನೆಲ ಮುಟ್ಟಿ ಬರಲು 1,800 ಮೀಟರ್ ದಾರಿ. ಅದಕ್ಕೆ ಬೇಕಾಗುವ ಹೊತ್ತು ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಆರು ಭಾಗ ಮಾತ್ರ. ಆ ಗಡಿಯಾರ ಎಷ್ಟು ಚುರುಕಾಗಿರಬೇಕು ನೋಡಿ. ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಬರುವ ಒಂದು ಭಾಗಕ್ಕೆ ನ್ಯಾನೋಸೆಕೆಂಡ್ ಎಂದು ಹೆಸರು. ಅಷ್ಟರಲ್ಲಿ ಬೆಳಕು ಹೋಗುವುದು 30 ಸೆಂಟಿಮೀಟರ್, ಅಂದರೆ ನಿಮ್ಮ ಉದ್ದದ ಸ್ಕೇಲಿನಷ್ಟು. ಹಾಗಾಗಿ ಗಡಿಯಾರ ಒಂದು ನ್ಯಾನೋಸೆಕೆಂಡ್ ತಪ್ಪಿದರೆ ಅಳತೆ 15 ಸೆಂಟಿಮೀಟರ್ ತಪ್ಪುತ್ತದೆ. ಸ್ಕೇಲು 30 ಸೆಂಟಿಮೀಟರ್ ಇದ್ದರೂ ತಪ್ಪು 15 ಏಕೆ? ಬೆಳಕು ಹೋಗಿಯೂ ಬಂದಿದೆ, ಬಂದ ಲೆಕ್ಕವನ್ನು ಎರಡರಿಂದ ಭಾಗಿಸಬೇಕು.

ಯಂತ್ರ ಇಂಥ ಮಿಣುಕುಗಳನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಕಳಿಸುತ್ತದೆ. ಒಂದು ಕನ್ನಡಿ ಅತ್ತಿತ್ತ ಆಡುತ್ತ ಅವನ್ನು ಎಡಬಲಕ್ಕೆ ಹರಡುತ್ತದೆ. ವಿಮಾನ ಮುಂದೆ ಸಾಗಿದಂತೆ ನೆಲದ ಮೇಲೆ ಚುಕ್ಕಿಗಳ ಸಾಲು ಬೀಳುತ್ತ ಹೋಗುತ್ತದೆ. ಆ ಗಳಿಗೆಯಲ್ಲಿ ವಿಮಾನ ಎಲ್ಲಿತ್ತು ಎಂದು ಉಪಗ್ರಹಗಳ ಸಂಕೇತ ಹೇಳುತ್ತದೆ; ಎಷ್ಟು ಓರೆಯಾಗಿತ್ತು ಎಂದು ಇನ್ನೊಂದು ಉಪಕರಣ ಹೇಳುತ್ತದೆ. ಇಷ್ಟೂ ಸೇರಿದರೆ ಪ್ರತಿ ಚುಕ್ಕಿಗೂ ಮೂರು ಅಂಕಿ ಸಿಗುತ್ತವೆ: ಪೂರ್ವ-ಪಶ್ಚಿಮದಲ್ಲಿ ಎಲ್ಲಿ, ಉತ್ತರ-ದಕ್ಷಿಣದಲ್ಲಿ ಎಲ್ಲಿ, ಸಮುದ್ರಮಟ್ಟದಿಂದ ಎಷ್ಟು ಎತ್ತರ.

ಈ ಉಪಾಯ ಭೂಮಿಗೆ ಮಾತ್ರ ಮೀಸಲಲ್ಲ. 2008ರಲ್ಲಿ ಹಾರಿದ ನಮ್ಮ ಚಂದ್ರಯಾನ-1ರಲ್ಲಿ ಚಂದ್ರನ ಬೆಟ್ಟಗುಣಿಗಳ ಎತ್ತರ ಅಳೆಯಲು ಒಂದು ಲೇಸರ್ ಉಪಕರಣವಿತ್ತು. ಅದನ್ನು ತಯಾರಿಸಿದ್ದು ಬೆಂಗಳೂರಿನಲ್ಲೇ, ಇಸ್ರೋದ ಪ್ರಯೋಗಾಲಯದಲ್ಲಿ.

ಪೊದೆಯ ಕೆಳಗಿನ ನೆಲ

ಬಿಟ್ಟುಹೋದ ಕ್ವಾರಿಯಲ್ಲಿ ಪೊದೆ ಬೆಳೆದಿರುತ್ತದೆ, ಮರ ಹುಟ್ಟಿರುತ್ತದೆ. ಲೇಸರು ಎಲೆಗೆ ಬಡಿದರೆ ನೆಲ ಗೊತ್ತಾಗುವುದು ಹೇಗೆ? ಒಳ್ಳೆಯ ಪ್ರಶ್ನೆ. ನೆಲ ಮುಟ್ಟುವ ಹೊತ್ತಿಗೆ ಮಿಣುಕು ಒಂದು ತಟ್ಟೆಯಷ್ಟೋ ಅದಕ್ಕಿಂತ ಹೆಚ್ಚೋ ಹರಡಿಕೊಂಡಿರುತ್ತದೆ. ಅದರ ಒಂದು ಪಾಲು ತುದಿಯ ಎಲೆಗೆ ತಗಲಿ ಮೊದಲು ಮರಳುತ್ತದೆ. ಇನ್ನೊಂದು ಪಾಲು ಕೊಂಬೆಗೆ ತಗಲಿ ಆಮೇಲೆ ಬರುತ್ತದೆ. ಎಲೆಗಳ ಸಂದಿಯಲ್ಲಿ ನುಸುಳಿದ ಪಾಲು ನೆಲ ಮುಟ್ಟಿ ಕೊನೆಗೆ ಬರುತ್ತದೆ. ಒಂದೇ ಮಿಣುಕಿಗೆ ಹಲವು ಉತ್ತರ! ಕೊನೆಯ ಉತ್ತರಗಳನ್ನು ಆರಿಸಿ, ಅವುಗಳಲ್ಲಿ ನೆಲದ್ದು ಯಾವುದು ಎಂದು ಕಂಪ್ಯೂಟರು ಜರಡಿ ಹಿಡಿದರೆ, ಮರಗಿಡ ತೆಗೆದುಹಾಕಿದ ಬರಿ ನೆಲದ ನಕ್ಷೆ ಸಿಗುತ್ತದೆ. ಮೊದಲ ಉತ್ತರದಿಂದ ನೆಲದ ಎತ್ತರ ಕಳೆದರೆ ಮರ ಎಷ್ಟು ಎತ್ತರವಿದೆ ಎಂಬುದೂ ತಿಳಿಯುತ್ತದೆ. ಎಲೆ ತೀರಾ ದಟ್ಟವಾಗಿದ್ದರೆ ಮಾತ್ರ ನೆಲ ಮುಟ್ಟುವ ಚುಕ್ಕಿಗಳು ಕಡಿಮೆ. ಅಲ್ಲಿ ನಕ್ಷೆಯೂ ಅಷ್ಟು ನಂಬಿಕೆಯದಲ್ಲ.

ವೇಲ್ಸಿನ ನೆಲವನ್ನು ಹೀಗೆ ಅಳೆದು, ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲದ ಚೌಕಗಳಾಗಿ ಜೋಡಿಸಿ, ಚೌಕಕ್ಕೊಂದು ಎತ್ತರದ ಅಂಕಿ ಬರೆದಿಟ್ಟಿದ್ದಾರೆ. ಅದನ್ನು ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. ನಮ್ಮ ಹಳ್ಳಿಯಲ್ಲಿ ಕೂತ ಹುಡುಗಿಯೂ ಅಲ್ಲಿನ ಗುಂಡಿಯನ್ನು ಅಳೆಯಬಹುದು!

ಕೂಡುವುದು ಬಂದರೆ ಸಾಕು

ಈಗ ಅಳೆದೇ ನೋಡೋಣ. ಲೆಕ್ಕ ಕಲಿಯಲು ಒಂಬತ್ತು ಚೌಕದ ಪುಟಾಣಿ ಗುಂಡಿ ಸಾಕು. ಮೂರು ಸಾಲು, ಸಾಲಿಗೆ ಮೂರು ಚೌಕ. ತಳದ ಎತ್ತರ, ಮೀಟರಿನಲ್ಲಿ, ಹೀಗಿದೆ ಎನ್ನಿ:

ಮೊದಲ ಸಾಲು: 290, 288, 291
ಎರಡನೆಯ ಸಾಲು: 285, 282, 286
ಮೂರನೆಯ ಸಾಲು: 289, 287, 290

ನೀರು ಎಲ್ಲಿಯವರೆಗೆ ತುಂಬೀತು? ಗುಂಡಿಯ ಅಂಚು ಒಂದೇ ಸಮ ಇರುವುದಿಲ್ಲ. ಒಂದು ಕಡೆ 310 ಇರಬಹುದು, ಮತ್ತೊಂದು ಕಡೆ 305. ಆದರೆ ಒಂದೇ ಒಂದು ಜಾಗದಲ್ಲಿ 300 ಇದ್ದರೆ, ನೀರು ಅಲ್ಲಿಂದಲೇ ಹೊರಚೆಲ್ಲುತ್ತದೆ. ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದದ್ದು ಅಂಚಿನ ಅತಿ ತಗ್ಗಿನ ಜಾಗವನ್ನು. ನಮ್ಮ ಗುಂಡಿಗೆ ಅದು 300 ಇರಲಿ.

300ರಿಂದ ಪ್ರತಿ ಅಂಕಿಯನ್ನು ಕಳೆಯಿರಿ. ಆಳ ಸಿಗುತ್ತದೆ: 10, 12, 9, ಆಮೇಲೆ 15, 18, 14, ಆಮೇಲೆ 11, 13, 10. ಎಲ್ಲ ಕೂಡಿದರೆ 112. ಪ್ರತಿ ಚೌಕದ ವಿಸ್ತೀರ್ಣ ಒಂದು ಚದರ ಮೀಟರ್ ಆದ್ದರಿಂದ ಗುಣಿಸುವ ಕೆಲಸವೇ ಇಲ್ಲ. ಗುಂಡಿಗೆ 112 ಘನ ಮೀಟರ್ ನೀರು ಹಿಡಿಯುತ್ತದೆ. ಒಂದು ಘನ ಮೀಟರ್ ಎಂದರೆ ಸಾವಿರ ಲೀಟರ್. ಅಂದರೆ 1,12,000 ಲೀಟರ್. ಬೀದಿಗೆ ಬರುವ 6,000 ಲೀಟರಿನ ಟ್ಯಾಂಕರಿನಲ್ಲಿ ತಂದು ಸುರಿದರೆ ಹತ್ತೊಂಬತ್ತನೆಯ ಟ್ಯಾಂಕರಿಗೆ ಗುಂಡಿ ತುಂಬುತ್ತದೆ.

200 ಮೀಟರ್ ಉದ್ದ, 200 ಮೀಟರ್ ಅಗಲದ ಗುಂಡಿಯಲ್ಲಿ ಇಂಥ ಚೌಕಗಳು 40,000. ಕೈಯಲ್ಲಿ ಕೂಡುತ್ತ ಕೂತರೆ ರಜೆ ಮುಗಿದುಹೋಗುತ್ತದೆ, ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಆದರೆ ಮಾಡುವ ಲೆಕ್ಕ ಒಂದೇ: ಕಳೆಯುವುದು, ಕೂಡುವುದು. ಹಾಂ, ಒಂದು ಎಚ್ಚರ. ಆ 40,000 ಚೌಕಗಳಲ್ಲೂ ಎತ್ತರ ಬರಿಯ 10 ಸೆಂಟಿಮೀಟರ್ ತಪ್ಪಿದ್ದರೆ ಒಟ್ಟು ತಪ್ಪು 4,000 ಘನ ಮೀಟರ್, ಅಂದರೆ 40 ಲಕ್ಷ ಲೀಟರ್! ಅದಕ್ಕೇ ಅಳೆಯುವವರು ನೆಲದ ಮೇಲೆ ಎತ್ತರ ಖಚಿತವಾಗಿ ಗೊತ್ತಿರುವ ಕೆಲವು ಜಾಗಗಳನ್ನು ಆರಿಸಿ, ಲೇಸರಿನ ಅಂಕಿಯನ್ನು ಆ ಎತ್ತರದೊಂದಿಗೆ ತಾಳೆ ನೋಡುತ್ತಾರೆ.

ನೀರಿನಿಂದ ಎಷ್ಟು ಕರೆಂಟು?

ನಮ್ಮ 200 ಮೀಟರ್ ಗುಂಡಿಯ ಆಳ ಸರಾಸರಿ 25 ಮೀಟರ್ ಇದ್ದರೆ ಅದಕ್ಕೆ ಹಿಡಿಯುವ ನೀರು ಹತ್ತು ಲಕ್ಷ ಘನ ಮೀಟರ್. ಅದು 250 ಮೀಟರ್ ಕೆಳಗಿನ ಇನ್ನೊಂದು ಗುಂಡಿಗೆ ಇಳಿಯುತ್ತದೆ ಎನ್ನಿ. ಕರೆಂಟು ಎಷ್ಟು ಸಿಕ್ಕೀತು?

ಎತ್ತರದ ನೀರಿನಲ್ಲಿ ಅಡಗಿರುವ ಶಕ್ತಿ ತಿಳಿಯಲು ತೂಕ, ಎತ್ತರ ಮತ್ತು 9.8 ಎಂಬ ಅಂಕಿಯನ್ನು ಗುಣಿಸಬೇಕು. ಈ 9.8 ಭೂಮಿಯ ಸೆಳೆತದ ಲೆಕ್ಕ. ಒಂದು ಘನ ಮೀಟರ್ ನೀರಿನ ತೂಕ 1,000 ಕಿಲೋ. 1,000ವನ್ನು 9.8ರಿಂದಲೂ 250ರಿಂದಲೂ ಗುಣಿಸಿದರೆ 24,50,000 ಜೂಲ್. ಮನೆಯ ಕರೆಂಟು ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಎಂದರೆ 36,00,000 ಜೂಲ್. ಹಾಗಾದರೆ ಒಂದು ಘನ ಮೀಟರ್ ನೀರು ಮುಕ್ಕಾಲು ಯೂನಿಟ್ಟಿಗೂ ತುಸು ಕಡಿಮೆ ಕೊಡುತ್ತದೆ, ಸುಮಾರು 0.68. ಇಷ್ಟೇನಾ ಎನ್ನಬೇಡಿ. ಹತ್ತು ಲಕ್ಷ ಘನ ಮೀಟರಿಗೆ ಅದು 6,80,000 ಯೂನಿಟ್. ತಿಂಗಳಿಗೆ 100 ಯೂನಿಟ್ ಉರಿಸುವ 6,800 ಮನೆಗಳಿಗೆ ಒಂದು ತಿಂಗಳ ಕರೆಂಟು!

ಪೂರ್ತಿ ಅಷ್ಟು ಕೈಗೆ ಬರುವುದಿಲ್ಲ ನಿಜ. ಕೊಳವೆಯಲ್ಲಿ ಉಜ್ಜಾಟ, ಯಂತ್ರದಲ್ಲಿ ಬಿಸಿ. ಡಿನೋರ್ವಿಗ್‌ನಂಥ ಕೇಂದ್ರದಲ್ಲಿ ನೀರೇರಿಸಲು ಖರ್ಚಾದ ಕರೆಂಟಿನಲ್ಲಿ ಸುಮಾರು ಮುಕ್ಕಾಲು ಪಾಲು ಮರಳಿ ಸಿಗುತ್ತದೆ. ಹಾಗಿದ್ದ ಮೇಲೆ ಏರಿಸುವುದೇಕೆ? ನಮ್ಮ ಪಾವಗಡದ ಸೋಲಾರ್ ಪಾರ್ಕನ್ನು ನೆನೆಯಿರಿ. ನಡುಮಧ್ಯಾಹ್ನ ಕರೆಂಟು ಧಾರಾಳ. ಸಂಜೆ ಏಳಕ್ಕೆ ಮನೆ ಮನೆಯಲ್ಲಿ ದೀಪ, ಫ್ಯಾನು, ಟೀವಿ ಶುರುವಾಗುವಾಗ ಸೂರ್ಯನೇ ಇಲ್ಲ. ಮಧ್ಯಾಹ್ನದ್ದನ್ನು ಸಂಜೆಗೆ ಎತ್ತಿಡುವುದಕ್ಕೆ ಕಾಲು ಪಾಲು ತೆತ್ತರೂ ಲಾಭವೇ.

ಗಮನಿಸಿದಿರಾ? ಈ ಲೆಕ್ಕಕ್ಕೆ ಬೇಕಾದ ಎರಡು ಮುಖ್ಯ ಅಂಕಿಗಳು, ಎಷ್ಟು ನೀರು ಮತ್ತು ಎಷ್ಟು ಎತ್ತರ, ಎರಡೂ ಲೇಸರ್ ನಕ್ಷೆಯಿಂದಲೇ ಸಿಗುತ್ತವೆ.

ಗೋಡೆ ನಿಂತೀತೆ?

ನೀರು ತುಂಬುವ ಗುಂಡಿಗೆ ಗಟ್ಟಿ ಗೋಡೆ ಬೇಕು. ಅಕ್ಕಪಕ್ಕದ ಎರಡು ಚೌಕಗಳ ಎತ್ತರದಲ್ಲಿ ಒಂದು ಮೀಟರ್ ವ್ಯತ್ಯಾಸವಿದ್ದರೆ ಇಳಿಜಾರು 45 ಡಿಗ್ರಿ. ಎರಡು ಮೀಟರ್ ಇದ್ದರೆ ಸುಮಾರು 63 ಡಿಗ್ರಿ. ಹೀಗೆ ಚೌಕದಿಂದ ಚೌಕಕ್ಕೆ ಹೋಲಿಸುತ್ತ ಹೋದರೆ ಎಲ್ಲಿ ನಡೆಯಬಹುದು, ಎಲ್ಲಿ ದಾರಿ ಮಾಡಬಹುದು, ಎಲ್ಲಿ ಹತ್ತಿರವೂ ಸುಳಿಯಬಾರದು ಎಂದು ಬಣ್ಣ ಹಚ್ಚಬಹುದು.

ನೆಟ್ಟಗೆ ನಿಂತ ಗೋಡೆ ಮೇಲಿನಿಂದ ನೋಡುವ ವಿಮಾನಕ್ಕೆ ಒಂದು ಗೆರೆಯಷ್ಟೆ. ಅದನ್ನು ಅಳೆಯಲು ಗುಂಡಿಯ ಎದುರಂಚಿನಲ್ಲಿ ಮುಕ್ಕಾಲಿಯ ಮೇಲೆ ಲೇಸರ್ ಯಂತ್ರ ನಿಲ್ಲಿಸುತ್ತಾರೆ, ಇಲ್ಲವೆ ಡ್ರೋನ್ ಹಾರಿಸುತ್ತಾರೆ. ಆಗ ಬಂಡೆಯ ಬಿರುಕುಗಳು ಯಾವ ಕಡೆಗೆ ವಾಲಿವೆ ಎಂದು ಕಾಣುತ್ತದೆ. ಸ್ಲೇಟು ಪದರದ ಕಲ್ಲು ಎಂದೆನಲ್ಲ? ಪದರಗಳು ಗುಂಡಿಯ ಕಡೆಗೆ ಇಳಿಜಾರಾಗಿದ್ದರೆ ಕಲ್ಲು ಜಾರುವ ಭಯ. ಬೆಟ್ಟದ ಒಳಗಡೆಗೆ ವಾಲಿದ್ದರೆ ಆ ಭಯ ಕಡಿಮೆ. ಒಂದು ಮಳೆಗಾಲದ ಮೊದಲು ಅಳೆದು, ಮುಗಿದ ಮೇಲೆ ಮತ್ತೆ ಅಳೆದು, ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಎಲ್ಲಿ ಕಲ್ಲು ಬಿದ್ದಿದೆ, ಎಷ್ಟು ಬಿದ್ದಿದೆ ಎಂದೂ ಗೊತ್ತಾಗುತ್ತದೆ.

ಲೇಸರಿಗೆ ಕಾಣದ್ದು

ಹಾಗಾದರೆ ಲೇಸರಿಗೆ ಎಲ್ಲವೂ ತಿಳಿಯುತ್ತದೆಯೆ? ಇಲ್ಲ. ಅದಕ್ಕೆ ಗೊತ್ತಾಗುವುದು ಆಕಾರ ಮಾತ್ರ.

ನೀರಿನ ಸಂಗತಿ ನೋಡಿ. ನೆಲ ಅಳೆಯುವ ವಿಮಾನಗಳು ಸಾಮಾನ್ಯವಾಗಿ ಬಳಸುವುದು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು. ನೀರು ಅದನ್ನು ಹೀರಿಬಿಡುತ್ತದೆ. ಕ್ವಾರಿಯಲ್ಲಿ ನೀರು ನಿಂತಿದ್ದರೆ ನಕ್ಷೆಯಲ್ಲಿ ಕಾಣುವುದು ನೀರಿನ ಮೇಲ್ಮೈ, ಇಲ್ಲವೆ ಬರಿ ಖಾಲಿ ಜಾಗ. ತಳ ತಿಳಿಯಬೇಕಾದರೆ ಹಸಿರು ಲೇಸರ್ ಬೇಕು, ಅದೂ ನೀರು ತಿಳಿಯಾಗಿದ್ದರೆ. ಇಲ್ಲವಾದರೆ ದೋಣಿಯಲ್ಲಿ ಹೋಗಿ ಶಬ್ದದ ಅಲೆಯಿಂದ ಅಳೆಯಬೇಕು. ಯಂತ್ರಕ್ಕೇ ತಿಳಿಯದ ಆಳ ನಮಗೆ ದಡದಲ್ಲಿ ನಿಂತರೆ ತಿಳಿಯುವುದುಂಟೆ? ಕ್ವಾರಿಯ ನೀರಿನಲ್ಲಿ ಕೆರೆಯ ಹಾಗೆ ಮೆಲ್ಲಗೆ ಇಳಿಯುವ ದಡವಿರುವುದಿಲ್ಲ, ಒಂದು ಹೆಜ್ಜೆ ಮುಂದಿಟ್ಟರೆ ಆಳ. ನಿಮ್ಮೂರ ಕ್ವಾರಿಗೆ ಈಜಲು ಯಾರು ಕರೆದರೂ ಹೋಗಬೇಡಿ.

ಇನ್ನು ಮಣ್ಣಿನ ಕೆಳಗೆ ಏನಿದೆ ಎಂಬುದು. ಗ್ಲಿನ್ ರೊನ್ವಿಯಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಬಾಂಬುಗಳನ್ನು ಕೂಡಿಡುವ ಗೋದಾಮು ಇತ್ತು. 1942ರಲ್ಲಿ ಅದರ ಬಹುಭಾಗ ಕುಸಿದುಬಿತ್ತು. ಆಮೇಲೆ ಹಳೆ ಮದ್ದುಗುಂಡುಗಳು ಗುಂಡಿಗಳಲ್ಲಿ ಉಳಿದವು. ದಶಕಗಳ ನಂತರ ವಾಯುಸೇನೆಯವರು ಬಂದು ಹುಡುಕಿ ತೆಗೆಯಬೇಕಾಯಿತು. ಲೇಸರ್ ನಕ್ಷೆಯಲ್ಲಿ ಆ ಜಾಗ ಬರಿ ಒಂದು ತಗ್ಗು. ಅಲ್ಲಿ ಏನಾಗಿತ್ತು ಎಂದು ಹೇಳುವುದು ಹಳೆ ಕಡತಗಳು, ಊರಿನ ಹಿರಿಯರು.

ಬಂಡೆಯ ಬಿರುಕಿನಲ್ಲಿ ನೀರು ಸೋರುತ್ತದೆಯೆ? ತೂತು ಕೊರೆದು ನೋಡಬೇಕು. ನೀರಿನಲ್ಲಿ ವಿಷವಿದೆಯೆ? ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿ ಯಾರು ವಾಸವಾಗಿದ್ದಾರೆ? ವೇಲ್ಸಿನ ಸ್ಲೇಟು ಕ್ವಾರಿಗಳ ಗೋಡೆಯ ಸಂದುಗಳಲ್ಲಿ ಚಫ್ ಎಂಬ ಕೆಂಪು ಕೊಕ್ಕಿನ ಕಾಗೆ ಗೂಡು ಕಟ್ಟುತ್ತದೆ. ಅದನ್ನು ಲೆಕ್ಕ ಹಾಕಲು ದೂರದರ್ಶಕ ಹಿಡಿದು ತಾಳ್ಮೆಯಿಂದ ಕೂರುವ ಮನುಷ್ಯರೇ ಬೇಕು. ಡಿನೋರ್ವಿಗ್ ಕೇಂದ್ರ ಕಟ್ಟುವಾಗ ಕೆಳಗಿನ ಕೆರೆಯಲ್ಲಿದ್ದ ಅಪರೂಪದ ಚಾರ್ ಮೀನುಗಳನ್ನು ಹಿಡಿದು ಬೇರೆ ಕೆರೆಗಳಿಗೆ ಸಾಗಿಸಿದ್ದರು.

ಹೀಗೆ ಗುಂಡಿಯನ್ನು ಹಲವು ಬಗೆಯಲ್ಲಿ ಕೇಳಬೇಕು. ಲೇಸರು ಆಕಾರ ಹೇಳಿ, ಮುಂದಿನ ಪ್ರಶ್ನೆಗಳನ್ನು ಯಾವ ಜಾಗದಲ್ಲಿ ಕೇಳಬೇಕು ಎಂದು ತೋರಿಸಿಕೊಡುತ್ತದೆ. ಕೇಳಿ ಮುಗಿಯುವ ಮೊದಲೇ "ಕಸ ಸುರಿಯೋಣ" ಎಂದೋ "ಕೆರೆ ಮಾಡೋಣ" ಎಂದೋ ತೀರ್ಮಾನಿಸಿದರೆ ಆಮೇಲೆ ಪೇಚಾಡಬೇಕಾದೀತು.

ಮಾಡಿ ನೋಡಿ

ಒಂದು ಅಗಲವಾದ ಬುಟ್ಟಿಗೋ ಟ್ರೇಗೋ ಒದ್ದೆ ಮರಳು ತುಂಬಿ. ನಡುವೆ ಸೊಟ್ಟಪಟ್ಟ ಗುಂಡಿ ತೋಡಿ, ತೆಳು ಪ್ಲಾಸ್ಟಿಕ್ ಹಾಳೆ ಒಳಕ್ಕೆ ಅಂಟುವಂತೆ ಹಾಸಿ. ಮೇಲೆ 5 ಸೆಂಟಿಮೀಟರಿಗೆ ಒಂದರಂತೆ ಅಡ್ಡಡ್ಡ, ಉದ್ದುದ್ದ ದಾರ ಕಟ್ಟಿ. ದಾರಗಳೆಲ್ಲ ಗುಂಡಿಯ ಅತಿ ತಗ್ಗಿನ ಅಂಚಿನ ಮಟ್ಟಕ್ಕೇ ಇರಲಿ. ಪ್ರತಿ ಚೌಕದ ನಡುವೆ ಒಂದು ಕಡ್ಡಿ ಇಳಿಸಿ, ದಾರದಿಂದ ತಳಕ್ಕೆ ಎಷ್ಟು ಸೆಂಟಿಮೀಟರ್ ಎಂದು ಬರೆದುಕೊಳ್ಳಿ. ಗುಂಡಿಯ ಹೊರಗಿರುವ ಚೌಕಕ್ಕೆ ಸೊನ್ನೆ.

ಎಲ್ಲ ಆಳ ಕೂಡಿ 25ರಿಂದ ಗುಣಿಸಿ, ಏಕೆಂದರೆ ಒಂದು ಚೌಕ ಈಗ 25 ಚದರ ಸೆಂಟಿಮೀಟರ್. ಬಂದ ಉತ್ತರ ಎಷ್ಟೋ ಅಷ್ಟು ಮಿಲಿಲೀಟರ್ ನೀರು ಹಿಡಿಯಬೇಕು. ಕೂಡಿದಾಗ 48 ಬಂದರೆ 1,200 ಮಿಲಿಲೀಟರ್, ಅಂದರೆ ಒಂದು ಲೀಟರ್ ಬಾಟಲಿ ಮತ್ತು ಒಂದು ಲೋಟ. ಈಗ ನಿಜವಾಗಿ ನೀರು ಅಳೆದು ಸುರಿಯಿರಿ. ಲೆಕ್ಕಕ್ಕೂ ನೀರಿಗೂ ಎಷ್ಟು ಅಂತರ ಬಂತು?

ಆಮೇಲೆ ಒಂದು ಬಿಟ್ಟು ಒಂದು ದಾರ ತೆಗೆದು, 10 ಸೆಂಟಿಮೀಟರ್ ಚೌಕದಲ್ಲಿ ಮತ್ತೆ ಅಳೆಯಿರಿ. ಈ ಸಲ 25ರ ಬದಲು 100ರಿಂದ ಗುಣಿಸಬೇಕು. ಯಾವ ಲೆಕ್ಕ ನೀರಿಗೆ ಹತ್ತಿರ ಬಂತು, ಯಾಕೆ ಬಂತು ಎಂದು ಗೆಳೆಯರ ಜೊತೆ ಚರ್ಚಿಸಿ. ವಿಮಾನದಿಂದ ಅಷ್ಟೊಂದು ಚುಕ್ಕಿಗಳನ್ನು ಯಾಕೆ ಬೀಳಿಸುತ್ತಾರೆ ಎಂಬುದಕ್ಕೆ ನಿಮ್ಮ ಟ್ರೇಯಲ್ಲೇ ಉತ್ತರ ಸಿಗುತ್ತದೆ.